ಮಗು ಯಾರ ಹಾಗಿದೆ?

ಜಯನಗರ ನಾಲ್ಕನೇ ಬ್ಲಾಕಿನಿಂದ ಹೊರಟು, ಬನಶಂಕರಿ, ಜೆ.ಪಿ. ನಗರ ಸುತ್ತಿಕೊಂಡು ಬಿ.ಟಿ.ಎಂ. ಲೇಔಟ್ ಸೇರುವಷ್ಟರಲ್ಲಿ ಒಂದು ಬಗೆಯ ಬೋರ್ಡು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಗುಂಡು ಕೆನ್ನೆಯ ನಗುವ ಪಾಪು, ಅದರ ಕೆಳಗೆ 'ಫರ್ಟಿಲಿಟಿ ಸೆಂಟರ್' ಎಂಬ ದೊಡ್ಡ ಅಕ್ಷರ. ಅದನ್ನು ಓದುತ್ತ ಬಂದ ಆರನೇ ತರಗತಿಯ ಹುಡುಗನೊಬ್ಬ ತನ್ನ ತಾತನನ್ನು ಕೇಳಿದನಂತೆ: "ತಾತ, ಅಂಡಾಣು ದಾನ ಅಂದ್ರೇನು? ಕೋಳಿಮೊಟ್ಟೆ ಕೊಡೋದಾ?" ತಾತ ಅತ್ತಿತ್ತ ನೋಡಿ, "ಸುಮ್ನೆ ಬಾರೋ" ಅಂದರಂತೆ. ಆಮೇಲೆ ಆ ತಾತನೇ ಪ್ರಶ್ನೆಯನ್ನು ನನ್ನ ಕಡೆ ದಾಟಿಸಿ ಕೈ ತೊಳೆದುಕೊಂಡರು.

ಹುಡುಗ ಕೇಳಿದ್ದರಲ್ಲಿ ತಪ್ಪೇನಿಲ್ಲ. ಕೋಳಿಮೊಟ್ಟೆಗೂ ಇದಕ್ಕೂ ದೂರದ ನೆಂಟಸ್ತಿಕೆ ಇದ್ದೇ ಇದೆ. ಮನುಷ್ಯರ ಅಂಡಾಣುವಿಗೆ ಚಿಪ್ಪಿಲ್ಲ, ಅಷ್ಟು ದೊಡ್ಡ ಹಳದಿಯೂ ಇಲ್ಲ. ಅದೊಂದು ಜೀವಕೋಶ, ಅಗಲ ಸುಮಾರು 0.1 ಮಿಲಿಮೀಟರ್. ಒಂದು ರಾಗಿ ಕಾಳಿನ ಮೇಲೆ ಅಡ್ಡಕ್ಕೆ ಸಾಲಾಗಿ ಇಟ್ಟರೆ ಹತ್ತಕ್ಕಿಂತ ಹೆಚ್ಚು ಕೂರುತ್ತವೆ. (ಜಯನಗರದ ಮಕ್ಕಳಿಗೆ ರಾಗಿಗುಡ್ಡದ ಕಥೆ ಗೊತ್ತಲ್ಲ, ರಾಗಿಯ ರಾಶಿಯೇ ಕಲ್ಲಾಗಿ ಗುಡ್ಡವಾಯಿತು ಅನ್ನುವುದು. ಆ ರಾಶಿಯ ಒಂದು ಕಾಳು ಸಾಕು ನಮ್ಮ ಲೆಕ್ಕಕ್ಕೆ.) ಇಷ್ಟು ಚಿಕ್ಕದಾದರೂ ಮನುಷ್ಯ ದೇಹದ ಅತಿ ದೊಡ್ಡ ಜೀವಕೋಶ ಇದೇ. ತಾಯಿಯ ಅಂಡಾಣು, ತಂದೆಯ ವೀರ್ಯಾಣು ಕೂಡಿದರೆ ಭ್ರೂಣ; ಅದು ಬೆಳೆದರೆ ಮಗು.

ಈಗ ಅಜ್ಜಿಯರು ಸ್ವಲ್ಪ ಹತ್ತಿರ ಬರಬೇಕು. ಹೆಣ್ಣುಮಗುವಿನ ಅಂಡಾಣುಗಳು ಅವಳು ದೊಡ್ಡವಳಾದ ಮೇಲೆ ಹುಟ್ಟುವುದಿಲ್ಲ. ಅವಳು ತನ್ನ ತಾಯಿಯ ಹೊಟ್ಟೆಯಲ್ಲಿ ಐದು ತಿಂಗಳ ಕೂಸಾಗಿರುವಾಗಲೇ ಅವಳ ಅಂಡಾಶಯದಲ್ಲಿ 60-70 ಲಕ್ಷ ಎಳೆ ಅಂಡಾಣುಗಳಿರುತ್ತವೆ. ಹುಟ್ಟುವ ಹೊತ್ತಿಗೆ ಅವು 10-20 ಲಕ್ಷಕ್ಕೆ ಇಳಿಯುತ್ತವೆ. ಮೈನೆರೆಯುವ ವಯಸ್ಸಿಗೆ ಮೂರು ನಾಲ್ಕು ಲಕ್ಷ. ಬದುಕಿಡೀ ಮಾಗಿ ಹೊರಬರುವುದು ನಾಲ್ಕು ನೂರರ ಆಸುಪಾಸು. ಅಂದರೆ ಮಕ್ಕಳೇ, ನೀವು ಯಾವ ಅಂಡಾಣುವಿನಿಂದ ಆದಿರೋ ಅದು ನಿಮ್ಮಮ್ಮ ಹುಟ್ಟುವ ಮೊದಲೇ, ನಿಮ್ಮ ಅಮ್ಮಮ್ಮನ ಬಸಿರಿನೊಳಗೇ ತಯಾರಾಗಿ ಕೂತಿತ್ತು. ಮೊಮ್ಮಗನನ್ನು ಎತ್ತಿಕೊಂಡು "ನನ್ನ ಹೊಟ್ಟೇಲಿ ಹುಟ್ಟಿದ ಹಾಗೇ ಇದೆ" ಅನ್ನುವ ಅಜ್ಜಿ ಅರ್ಧದಷ್ಟಾದರೂ ನಿಜವನ್ನೇ ಹೇಳುತ್ತಿದ್ದಾಳೆ.

ಆದರೆ ಕೆಲವು ಹೆಂಗಸರ ಅಂಡಾಶಯ ಬೇಗ ಬತ್ತಿಹೋಗುತ್ತದೆ. ಕೆಲವರಿಗೆ ಕ್ಯಾನ್ಸರಿನ ಚಿಕಿತ್ಸೆಯಿಂದ ಹಾಗಾಗುತ್ತದೆ. ಗರ್ಭಕೋಶ ಚೆನ್ನಾಗಿಯೇ ಇರುತ್ತದೆ, ಮಗುವನ್ನು ಹೊರುವ ಶಕ್ತಿ ಇರುತ್ತದೆ, ಅಂಡಾಣು ಮಾತ್ರ ಇಲ್ಲ. ಅಂಥವಳಿಗಾಗಿ ಮತ್ತೊಬ್ಬ ಹೆಣ್ಣುಮಗಳು ತನ್ನದನ್ನು ಕೊಟ್ಟರೆ ಅದೇ ಅಂಡಾಣು ದಾನ.

ಕೊಡುವುದು ರಕ್ತ ಕೊಟ್ಟಷ್ಟು ಸುಲಭವಲ್ಲ. ರಕ್ತದಾನವಾದರೆ ತೋಳು ಚಾಚಿ, ಬಿಸ್ಕತ್ತು ತಿಂದು, ಮಧ್ಯಾಹ್ನ ಕೆಲಸಕ್ಕೆ ಹೋಗಬಹುದು; ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಅಂಡಾಣು ಕೊಡುವವಳಿಗೆ ಮೊದಲು ರಕ್ತಪರೀಕ್ಷೆಗಳು: ಎಚ್‌ಐವಿ, ಕಾಮಾಲೆಯ ಬಿ ಮತ್ತು ಸಿ ವೈರಸ್, ಇನ್ನೂ ಕೆಲವು. ಆಮೇಲೆ ಹತ್ತು ಹನ್ನೆರಡು ದಿನ ದಿನವೂ ಇಂಜೆಕ್ಷನ್. ಸಾಮಾನ್ಯವಾಗಿ ತಿಂಗಳಿಗೆ ಒಂದು ಮಾಗುವ ಅಂಡಾಣು ಈ ಔಷಧಿಯಿಂದ ಒಟ್ಟಿಗೆ ಹಲವಾರು ಮಾಗುತ್ತವೆ. ನಡುನಡುವೆ ಸ್ಕ್ಯಾನಿಂಗ್. ಕೊನೆಯ ಇಂಜೆಕ್ಷನ್ ಆಗಿ ಸುಮಾರು ಒಂದೂವರೆ ದಿನಕ್ಕೆ ಅರಿವಳಿಕೆ ಕೊಟ್ಟು, ಸ್ಕ್ಯಾನಿಂಗ್ ನೋಡಿಕೊಂಡು ತೆಳ್ಳನೆಯ ಸೂಜಿಯಿಂದ ಅವನ್ನು ಹೊರಗೆ ಎಳೆದುಕೊಳ್ಳುತ್ತಾರೆ. ಅರ್ಧ ಗಂಟೆಯೊಳಗಿನ ಕೆಲಸ, ಸಂಜೆಗೆ ಮನೆ. ಹೊಟ್ಟೆ ಉಬ್ಬರ, ಸುಸ್ತು ನಾಲ್ಕು ದಿನ ಇರಬಹುದು. ಅಪರೂಪಕ್ಕೆ ಅಂಡಾಶಯ ವಿಪರೀತ ಊದಿಕೊಂಡು ಆಸ್ಪತ್ರೆ ಸೇರಬೇಕಾಗುವುದೂ ಉಂಟು. ಈ ಅಪರೂಪದ ಮಾತನ್ನು ಬೋರ್ಡಿನ ಗುಂಡು ಪಾಪು ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ.

ಅಂಡಾಣುವನ್ನು ಹೀಗೆ ದೇಹದ ಹೊರಗೆ ತಂದು ಮಗುವಾಗಿಸುವ ವಿದ್ಯೆಗೆ ಇನ್ನೂ ಐವತ್ತು ವರ್ಷ ಆಗುತ್ತಿದೆ ಅಷ್ಟೆ. ಇಂಗ್ಲೆಂಡಿನಲ್ಲಿ 1978ರ ಜುಲೈ 25ರಂದು ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಹುಟ್ಟಿದಳು. ಎಪ್ಪತ್ತೇ ದಿನದಲ್ಲಿ, ಅಕ್ಟೋಬರ್ 3ರಂದು, ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯ ಅವರ ಪ್ರಯತ್ನದಿಂದ 'ದುರ್ಗಾ' ಹುಟ್ಟಿದಳು. ಸರ್ಕಾರ ನೇಮಿಸಿದ ಸಮಿತಿ ಅವರನ್ನು ನಂಬಲಿಲ್ಲ. 1981ರಲ್ಲಿ ಅವರು ತೀರಿಕೊಂಡಾಗ ಅವರ ಕೆಲಸಕ್ಕೆ ಮನ್ನಣೆ ಇರಲಿಲ್ಲ. ಭಾರತದ ಮೊದಲ ಪ್ರನಾಳ ಶಿಶು ಎಂದು ಎಲ್ಲ ಕಡೆ ಬರೆದದ್ದು 1986ರ ಆಗಸ್ಟ್ 6ರಂದು ಮುಂಬೈಯಲ್ಲಿ ಹುಟ್ಟಿದ ಹರ್ಷಾಳ ಹೆಸರನ್ನು. ಅದರ ಹಿಂದಿದ್ದವರು ಡಾ. ಇಂದಿರಾ ಹಿಂದುಜಾ ಮತ್ತು ವಿಜ್ಞಾನಿ ಡಾ. ಟಿ.ಸಿ. ಆನಂದ್ ಕುಮಾರ್.

ಈ ಆನಂದ್ ಕುಮಾರ್ ಮುಂದೆ ನಮ್ಮ ಬೆಂಗಳೂರಿಗೆ ಬಂದು ನೆಲೆಸಿದರು, ಇಲ್ಲಿ ಬಂಜೆತನದ ಚಿಕಿತ್ಸಾಲಯ ನಡೆಸಿದರು. ಮುಖೋಪಾಧ್ಯಾಯರ ಕೈಬರಹದ ಟಿಪ್ಪಣಿಗಳು ಅವರ ಕೈಗೆ ಬಂದವು. ಕೂತು ಓದಿದರು. ಓದಿ, 1997ರಲ್ಲಿ ಬೆಂಗಳೂರಿನಿಂದಲೇ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ, ಮೊದಲು ಮಾಡಿದವರು ನಾವಲ್ಲ, ಅವರು ಎಂದು ಬರೆದರು. ತಮ್ಮ ಹೆಸರಿನ ಮುಂದಿದ್ದ 'ಮೊದಲಿಗ' ಎಂಬ ಬಿರುದನ್ನು ತಾವೇ ತೆಗೆದು ಸತ್ತವರಿಗೆ ಕೊಟ್ಟರು. ನಮ್ಮ ಪಾಠಪುಸ್ತಕದಲ್ಲಿ ಇವರ ಬಗ್ಗೆ ಒಂದು ಪುಟ ಇರಬೇಕಿತ್ತು ಅನ್ನುವುದು ನನ್ನ ಆಸೆ.

ಇನ್ನೊಬ್ಬಳ ಅಂಡಾಣುವಿನಿಂದ ಮಗು ಹೆತ್ತ ತಾಯಂದಿರು 1983-84ರಲ್ಲಿ ಆಸ್ಟ್ರೇಲಿಯಾ ಮತ್ತು ಅಮೆರಿಕದಲ್ಲಿ ಸುದ್ದಿಯಾದರು. ನಮ್ಮಲ್ಲಿ ಈ ವಿದ್ಯೆ ಊರೂರಿಗೆ ಹಬ್ಬಿದರೂ ಕಾನೂನು ಬಂದದ್ದು ತಡವಾಗಿ. 2021ರ ಡಿಸೆಂಬರಿನಲ್ಲಿ ರಾಷ್ಟ್ರಪತಿಯವರ ಅಂಕಿತ ಬಿದ್ದು, 2022ರ ಜನವರಿ 25ರಿಂದ ಅದು ಜಾರಿಯಲ್ಲಿದೆ. ಅದರ ಪ್ರಕಾರ ಅಂಡಾಣು ಕೊಡುವವಳ ವಯಸ್ಸು 23ರಿಂದ 35ರೊಳಗೆ ಇರಬೇಕು. ಜೀವಮಾನದಲ್ಲಿ ಒಂದೇ ಸಲ ಕೊಡಬಹುದು. ಆ ಒಂದು ಸಲಕ್ಕೆ ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯುವಂತಿಲ್ಲ. ಒಬ್ಬಳದು ಒಂದು ದಂಪತಿಗೆ ಮಾತ್ರ. ಅವಳ ಆರೋಗ್ಯಕ್ಕೆ ಆ ದಂಪತಿ 12 ತಿಂಗಳ ವಿಮೆ ಮಾಡಿಸಬೇಕು. ಕೊಳ್ಳುವುದು, ಮಾರುವುದು ಅಪರಾಧ.

ಏಳರ ಲೆಕ್ಕಕ್ಕೆ ವೈದ್ಯರ ತಕರಾರಿದೆ. ಇಂಜೆಕ್ಷನ್ ಕೊಟ್ಟ ಮೇಲೆ ಅಂಡಾಶಯವೇನು ಬೆರಳು ಮಡಿಸಿ ಎಣಿಸುತ್ತದೆಯೇ, ಹತ್ತೋ ಹದಿನೈದೋ ಮಾಗಿಬಿಟ್ಟರೆ ಉಳಿದವನ್ನು ಏನು ಮಾಡುವುದು ಅನ್ನುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. ಆದರೆ 'ಒಂದೇ ಸಲ' ಅನ್ನುವುದನ್ನು ಮಾತ್ರ ಯಾರೂ ಸಡಿಲಿಸಬಾರದು ಅಂತ ನನಗನ್ನಿಸುತ್ತದೆ. 2022ರಲ್ಲಿ ತಮಿಳುನಾಡಿನ ಈರೋಡಿನಲ್ಲಿ ಒಂದು ಸಂಗತಿ ಬಯಲಿಗೆ ಬಂತು. 16 ವರ್ಷದ ಹುಡುಗಿಯ ವಯಸ್ಸನ್ನು ಆಧಾರ್ ಕಾರ್ಡಿನಲ್ಲಿ ತಿದ್ದಿ, ಹಲವು ಸಲ ಅವಳ ಅಂಡಾಣು ಮಾರಿಸಿದ್ದರು. ಬಂಧಿತರಲ್ಲಿ ಮನೆಯವರೇ ಇದ್ದರು. ಈರೋಡು ನಮ್ಮ ಚಾಮರಾಜನಗರದ ಗಡಿಯಾಚೆಯ ಜಿಲ್ಲೆ, ಚಂದ್ರಲೋಕವಲ್ಲ. ಬಿ.ಟಿ.ಎಂ. ಲೇಔಟಿನ ಪಿ.ಜಿ.ಗಳಲ್ಲಿ ಊರಿನಿಂದ ಓದಲು, ದುಡಿಯಲು ಬಂದ ಎಷ್ಟೋ ಹೆಣ್ಣುಮಕ್ಕಳಿದ್ದಾರೆ. ತಿಂಗಳ ಕೊನೆಗೆ ಕೈ ಬರಿದಾದ ಅಂಥ ಅಕ್ಕಂದಿರಿಗೆ ಯಾರಾದರೂ "ಸುಲಭದ ದುಡ್ಡು, ಎರಡು ವಾರದ ಕೆಲಸ" ಅಂದರೆ, ಅದು ದಾನದ ಮಾತಲ್ಲ. ಆ ಅಕ್ಕನಿಗೆ 23 ತುಂಬಿರಲಿ ಬಿಡಲಿ, ಮೊದಲು ಮನೆಗೆ ಫೋನು ಮಾಡಲಿ.

ನಿಜವಾಗಿ ಕೊಡುವವರೂ ಇದ್ದಾರೆ. 2023ರಲ್ಲಿ ಕರ್ನಾಟಕ ಹೈಕೋರ್ಟಿನ ಮುಂದೆ ಒಂದು ದಂಪತಿ ನಿಂತಿದ್ದರು. ಬೆಳೆದ ಮಗನನ್ನು ಅಪಘಾತದಲ್ಲಿ ಕಳೆದುಕೊಂಡವರು. ಹೆಂಡತಿಗೆ ಗರ್ಭಕೋಶವಿರಲಿಲ್ಲ. ಬಾಡಿಗೆ ತಾಯ್ತನದ ಕಾನೂನು ಹಾಕಿದ್ದ ವಯಸ್ಸಿನ ಗೆರೆಯನ್ನು ಗಂಡ ದಾಟಿದ್ದರು. ನೆಂಟರಲ್ಲಿ ಒಬ್ಬಾಕೆ ಅಂಡಾಣು ಕೊಡುತ್ತೇನೆಂದಿದ್ದಳು, ಮನೆಗೆ ಬೇಕಾದ ಇನ್ನೊಬ್ಬಾಕೆ ಮಗುವನ್ನು ಹೊರುತ್ತೇನೆಂದಿದ್ದಳು. ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ವಯಸ್ಸೊಂದನ್ನೇ ನೋಡಿ ಬಾಗಿಲು ಮುಚ್ಚಲಿಲ್ಲ. ವಂಶವಾಹಿ, ದೇಹಶಕ್ತಿ, ಹಣಕಾಸು ಈ ಮೂರು ಪರೀಕ್ಷೆಗಳಲ್ಲಿ ದಂಪತಿ ಗೆಲ್ಲುತ್ತಾರೆಯೇ ನೋಡಿ ಎಂದರು. ಇಳಿವಯಸ್ಸಿನ ಹೊಸ್ತಿಲಲ್ಲಿ ಮತ್ತೆ ತೊಟ್ಟಿಲು ಕಟ್ಟಲು ಹೊರಟವರ ಸಂಕಟ ಅಜ್ಜ-ಅಜ್ಜಿಯರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಇನ್ನು ತೊಟ್ಟಿಲ ಸುತ್ತ ಏನಾಗುತ್ತದೆ ನೋಡಿ. ನಾಮಕರಣದ ದಿನ ಬಂದವರೆಲ್ಲ ಬಗ್ಗಿ ನೋಡಿ ಕೇಳುವುದು ಒಂದೇ: "ಮಗು ಯಾರ ಹಾಗಿದೆ?" ಮೂಗು ಅತ್ತೆಯದು, ಹಣೆ ಸೋದರಮಾವನದು, ಹಟ ಅಜ್ಜನದು. ನಮ್ಮ ಮನೆಗಳಲ್ಲಿ ಇದು ಪ್ರೀತಿಯ ಆಟ. ದಾನದ ಅಂಡಾಣುವಿನಿಂದ ಹುಟ್ಟಿದ ಮಗುವಿನ ತಾಯಿಗೆ ಅದೇ ಆಟ ಎದೆಗೆ ಚುಚ್ಚುತ್ತದೆ. ಮಗುವಿನ ಮೂಗಿನಲ್ಲಿ ತಾಯಿಯ ಕಡೆಯ ಪಾಲು ಅವಳದಲ್ಲ. ಆದರೆ ಒಂಬತ್ತು ತಿಂಗಳು ಅವಳ ಉಸಿರು, ಅವಳ ಊಟ ಮಗುವಿಗೆ ಹೋಗಿದೆ, ಹೆರಿಗೆ ನೋವು ಅವಳೇ ತಿಂದಿದ್ದಾಳೆ. ಕಾನೂನಿನಲ್ಲೂ ಆ ಮಗು ಆ ದಂಪತಿಯದೇ. ಸ್ವಂತ ಮಗುವಿಗಿರುವ ಎಲ್ಲ ಹಕ್ಕು ಅದಕ್ಕಿದೆ. ಕೊಟ್ಟವಳಿಗೆ ಮಗುವಿನ ಮೇಲೆ ಯಾವ ಹಕ್ಕೂ ಇಲ್ಲ. "ನಮ್ಮ ರಕ್ತ ಅಲ್ಲವಂತೆ" ಎಂದು ಅಡುಗೆಮನೆಯಲ್ಲಿ ಪಿಸುಗುಟ್ಟುವ ಅಜ್ಜಿ ಯಾರಾದರೂ ಇದ್ದರೆ, ಮಗುವಿನ ಕಿವಿ ಬಲು ಚುರುಕು ಎಂಬುದನ್ನು ನೆನಪಿಡಲಿ.

ಮಗುವಿಗೆ ಹೇಳಬೇಕೋ ಬೇಡವೋ? ಬ್ರಿಟನ್ನಿನಲ್ಲಿ 2005ರ ಏಪ್ರಿಲಿನಿಂದೀಚೆಗೆ ದಾನ ಕೊಟ್ಟವರು ಯಾರೆಂದು 18 ತುಂಬಿದ ಮಕ್ಕಳು ಕೇಳಿ ತಿಳಿಯಬಹುದು. ನಮ್ಮ ಕಾನೂನು ಎಲ್ಲರ ಗುಟ್ಟು ಕಾಯುತ್ತದೆ. ಯಾರು ಕೊಟ್ಟರು ಎಂಬುದು ಮನೆಯವರಿಗೂ ಗೊತ್ತಾಗುವುದಿಲ್ಲ. ಯಾರು ಎಂದು ಹೇಳಲಾಗದಿದ್ದರೂ, ಒಬ್ಬರು ಕೊಟ್ಟರು ಎಂದು ಹೇಳಬಹುದಲ್ಲ. ಕೇಂಬ್ರಿಜ್ ವಿಶ್ವವಿದ್ಯಾಲಯದ ಸೂಸನ್ ಗೊಲೊಂಬಾಕ್ ಮತ್ತು ಅವರ ಸಂಗಡಿಗರು ಇಂಥ ಕುಟುಂಬಗಳನ್ನು ಮಕ್ಕಳಿಗೆ 20 ವರ್ಷ ಆಗುವವರೆಗೂ ಗಮನಿಸಿದರು. ಆ ಮಕ್ಕಳು ಉಳಿದ ಮಕ್ಕಳ ಹಾಗೇ ಚೆನ್ನಾಗಿ ಬೆಳೆದಿದ್ದರು. ಏಳು ವರ್ಷದೊಳಗೇ ವಿಷಯ ಕೇಳಿ ತಿಳಿದವರಿಗೆ ತಾಯಿಯ ಜೊತೆ ನಂಟು ಇನ್ನೂ ಚೆನ್ನಾಗಿತ್ತು. ಏಳು ವರ್ಷದೊಳಗೆ ಅಂದರೆ ಕಥೆ ಕೇಳುವ ವಯಸ್ಸು. ಕಥೆ ಹೇಳುವವರು ನಮ್ಮಲ್ಲಿ ಯಾರು? ಅಜ್ಜಿಯರೇ. ಅಮ್ಮ-ಅಪ್ಪನ ಒಪ್ಪಿಗೆ ಪಡೆದು, "ನೀನು ಬರಲಿ ಅಂತ ಒಬ್ಬ ಅಕ್ಕ ಪುಟ್ಟದೊಂದು ಬೀಜ ಕೊಟ್ಟಳು, ಅಮ್ಮ ಅದನ್ನು ಹೊಟ್ಟೆಯಲ್ಲಿ ಬೆಳೆಸಿದಳು" ಎಂದು ಶುರು ಮಾಡಿದರೆ ಮಗು "ಆಮೇಲೆ?" ಅನ್ನುತ್ತದೆ. ಅಷ್ಟೇ.

ಬಲರಾಮನ ಕಥೆಯೂ ಇದೆ. ದೇವಕಿಯ ಗರ್ಭದಿಂದ ರೋಹಿಣಿಯ ಗರ್ಭಕ್ಕೆ ಎಳೆದು ತಂದದ್ದರಿಂದ ಅವನಿಗೆ ಸಂಕರ್ಷಣ ಎಂದು ಹೆಸರು. ಕಥೆಯನ್ನು ವಿಜ್ಞಾನವೆಂದು ಸಾಧಿಸುವವರ ಜೊತೆ ನಾನಿಲ್ಲ. ನನಗೆ ಕುತೂಹಲ ಹೆಸರಿನದು. ಕನ್ನಡದಲ್ಲಿ ಹೆತ್ತಮ್ಮ ಇದ್ದಾಳೆ, ಸಾಕಮ್ಮ ಇದ್ದಾಳೆ, ದೊಡ್ಡಮ್ಮ, ಚಿಕ್ಕಮ್ಮ, ಮಲತಾಯಿ ಇದ್ದಾರೆ, ಹೆರಿಗೆ ಮಾಡಿಸಿದ ಸೂಲಗಿತ್ತಿಗೂ ಚಂದದ ಹೆಸರಿದೆ. ಅಂಡಾಣು ಕೊಟ್ಟು, ಮಗುವಿನ ಮುಖ ನೋಡದೆ, ಬಸ್ಸು ಹತ್ತಿ ಮನೆಗೆ ಹೋದವಳಿಗೆ ಮಾತ್ರ 'ದಾನಿ' ಎಂಬ ಕಚೇರಿಯ ಪದವೊಂದೇ ಇರುವುದು. ಅವಳು ಹೆತ್ತವಳಲ್ಲ, ಸಾಕಿದವಳಲ್ಲ. ಅಮ್ಮ ಅನ್ನುವಂತಿಲ್ಲ, ಪರಕೀಯಳು ಅನ್ನಲು ಮನಸ್ಸು ಬರುವುದಿಲ್ಲ.

ಅವಳನ್ನು ಏನೆಂದು ಕರೆಯಬಹುದು? ಮಕ್ಕಳಿಗೆ ಹೊಳೆದರೆ ಸರಿ, ಅಜ್ಜಿಯರ ಹಳ್ಳಿಯ ಕಡೆ ಹತ್ತಿರದ ಮಾತೊಂದು ಇದ್ದರೆ ಇನ್ನೂ ಸರಿ. ಒಂದು ಕಾರ್ಡಿನಲ್ಲಿ ಬರೆದು ಕಳಿಸಿ.