ಹ್ಯಾಲೊಜನ್ ಪಾಠ ಯಾರಿಗೆ ಹೊರೆ?

ಮಕ್ಕಳ ಹೊರೆ ಇಳಿಸುತ್ತೇವೆಂದು ಹೇಳಿ ಎನ್‌ಸಿಇಆರ್‌ಟಿಯವರು 2023ರ ಪುಸ್ತಕಗಳಲ್ಲಿ ಹತ್ತನೆಯ ತರಗತಿಯ ಧಾತುಗಳ ಆವರ್ತನೀಯ ವರ್ಗೀಕರಣದ ಅಧ್ಯಾಯವನ್ನು ತೆಗೆದುಹಾಕಿದರು. ಹನ್ನೆರಡನೆಯ ತರಗತಿಯ ರಸಾಯನಶಾಸ್ತ್ರದಿಂದ ಪಿ-ಬ್ಲಾಕ್ ಧಾತುಗಳ ಅಧ್ಯಾಯವೂ ಹೋಯಿತು. ಅದರೊಂದಿಗೆ ಹದಿನೇಳನೆಯ ಗುಂಪಿನ ಹ್ಯಾಲೊಜನ್‌ಗಳ ವಿವರವಾದ ಪಾಠವೂ ಹೋಯಿತು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು, ಈಗ ತಾವೇ ತಂದೆತಾಯಿಗಳಾದವರು, "ಒಳ್ಳೆಯದೇ ಆಯಿತು ಸಾರ್, ಆ ಸಮೀಕರಣಗಳನ್ನು ಬಾಯಿಪಾಠ ಮಾಡಿ ಯಾರಿಗೇನು ಪ್ರಯೋಜನ?" ಎಂದರು. ಅವರಿಗೆ ಉತ್ತರವಾಗಿ ಈ ಲೇಖನ.

ಬೇರೆ ಜಿಲ್ಲೆಯವರು ಹಾಗೆಂದಿದ್ದರೆ ಸುಮ್ಮನಿರುತ್ತಿದ್ದೆನೇನೋ. ಚಿತ್ರದುರ್ಗ ಜಿಲ್ಲೆಯವರು ಹಾಗೆನ್ನಬಾರದು. ಫ್ಲೋರೈಡ್ ಬಾಧೆಗೆ ರಾಜ್ಯದಲ್ಲಿ ಹೆಸರಾದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಹಿರಿಯೂರಿನ ಕಡೆಯ ಹಳ್ಳಿಗಳ ಶಾಲೆಗೆ ಹೋಗಿ ಮಕ್ಕಳನ್ನು ನಗಿಸಿ ನೋಡಿ. ಮುಂದಿನ ಹಲ್ಲುಗಳ ಮೇಲೆ ಸುಣ್ಣ ಬಳಿದಂಥ ಬಿಳಿಯ ಪಟ್ಟೆ, ಕೆಲವರಲ್ಲಿ ಕಂದು ಕಲೆ. "ಸರಿಯಾಗಿ ಹಲ್ಲುಜ್ಜುವುದಿಲ್ಲ" ಎಂದು ಆ ಮಕ್ಕಳನ್ನು ಗದರಿಸುವ ಹಿರಿಯರಿದ್ದಾರೆ. ಹೆಣ್ಣು ನೋಡಲು ಬಂದವರು ಹಲ್ಲು ಕಂಡು ಹಿಂದಿರುಗಿದ ಕಥೆಗಳೂ ನಮ್ಮ ಸೀಮೆಗೆ ಹೊಸವಲ್ಲ. ಉಜ್ಜಿದರೆ ಹೋಗುವ ಕೊಳೆ ಅದಲ್ಲ. ಹಲ್ಲು ಮೂಡುವ ಮೊದಲೇ, ಒಸಡಿನೊಳಗೆ ಅದರ ಹೊರಕವಚ ಕಟ್ಟುವಾಗಲೇ ಆದ ಹಾನಿ ಅದು.

ಈ ಹಾನಿ ಹೇಗೆ ಆಗುತ್ತದೆಂಬುದನ್ನು ತಿಳಿಸುವುದೇ ತೆಗೆದುಹಾಕಿದ ಆ ಪಾಠ. ಹೊರಕವಚದಲ್ಲಿ ಏಳು ಎಲೆಕ್ಟ್ರಾನುಗಳಿರುವ ಹ್ಯಾಲೊಜನ್ ಪರಮಾಣು ಎಂಟನೆಯದಕ್ಕಾಗಿ ಹಾತೊರೆಯುತ್ತದೆ. ಈ ಹಸಿವು ಫ್ಲೋರಿನ್ನಿನಲ್ಲಿ ಅತ್ಯಂತ ಹೆಚ್ಚು. ಅದನ್ನು ಬೇರ್ಪಡಿಸಲು ಹೊರಟ ರಸಾಯನಜ್ಞರಲ್ಲಿ ಕೆಲವರು ಪ್ರಾಣವನ್ನೇ ತೆತ್ತರು. 1886ರಲ್ಲಿ ಅದನ್ನು ಸಾಧಿಸಿದ ಆನ್ರಿ ಮ್ವಾಸಾನ್ ಎಂಬ ಫ್ರೆಂಚ್ ವಿಜ್ಞಾನಿಗೆ 1906ರಲ್ಲಿ ನೊಬೆಲ್ ಬಂತು. ಇಷ್ಟು ಉಗ್ರವಾದ ಧಾತು ನಿಸರ್ಗದಲ್ಲಿ ಒಂಟಿಯಾಗಿ ಉಳಿಯುವುದುಂಟೆ? ಎಂದೋ ಎಲೆಕ್ಟ್ರಾನನ್ನು ಕಸಿದುಕೊಂಡು ಫ್ಲೋರೈಡ್ ಅಯಾನಾಗಿ ಬಂಡೆಯೊಳಗೆ ಕುಳಿತಿದೆ. ಗ್ರಾನೈಟು, ನೈಸು ಶಿಲೆಗಳಲ್ಲಿರುವ ಫ್ಲೋರೈಟ್, ಅಪಟೈಟ್, ಕಪ್ಪು ಅಭ್ರಕ ಇವೆಲ್ಲ ಅದರ ಮನೆಗಳು. ಕೆರೆ ಬತ್ತಿದಂತೆ ನಾವು ಕೊಳವೆ ಬಾವಿಯನ್ನು ಆಳಕ್ಕೆ, ಇನ್ನೂ ಆಳಕ್ಕೆ ಇಳಿಸಿದೆವು. ಹೊಳಲ್ಕೆರೆ, ಹೊಸದುರ್ಗಗಳ ತೋಟದವರೂ ಇದಕ್ಕೆ ಹೊರತಲ್ಲ. ಬಂಡೆಯ ಬಿರುಕಿನಲ್ಲಿ ದೀರ್ಘಕಾಲ ನಿಂತ ನೀರು ಫ್ಲೋರೈಡನ್ನು ಕರಗಿಸಿಕೊಂಡು ಮೇಲೆ ಬಂತು.

ಇನ್ನೊಂದು ಮಾತನ್ನು ಗೃಹಿಣಿಯರು ಗಮನಿಸಬೇಕು. ಬೇಳೆ ಬೇಗ ಬೆಂದರೆ ಒಳ್ಳೆಯ ನೀರೆಂಬುದು ನಮ್ಮ ಅಜ್ಜಿಯರ ಪರೀಕ್ಷೆ. ಗಡಸುತನಕ್ಕೆ ಅದು ಸರಿಯಾದ ಪರೀಕ್ಷೆಯೇ. ಆದರೆ ಕ್ಯಾಲ್ಸಿಯಂ ಹೆಚ್ಚಿರುವ ಗಡಸು ನೀರಿನಲ್ಲಿ ಫ್ಲೋರೈಡ್ ಕ್ಯಾಲ್ಸಿಯಂ ಫ್ಲೋರೈಡಾಗಿ ತಳ ಸೇರುತ್ತದೆ. ಕ್ಯಾಲ್ಸಿಯಂ ಕಡಿಮೆಯಿದ್ದು ಕ್ಷಾರೀಯವಾದ ಮೆದು ನೀರಿನಲ್ಲಿ ಅದು ಕರಗಿಯೇ ಉಳಿಯುತ್ತದೆ. ಫ್ಲೋರೈಡಿಗೆ ರುಚಿಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ನಾಲಿಗೆಯನ್ನು ನಂಬಿ ಪ್ರಯೋಜನವಿಲ್ಲ.

ದೇಹದೊಳಗೆ ಹೋದ ಮೇಲೂ ಕ್ಯಾಲ್ಸಿಯಂ ಮೇಲಿನ ಅದರ ಮೋಹ ಬಿಡುವುದಿಲ್ಲ. ಗಾತ್ರದಲ್ಲಿಯೂ ವಿದ್ಯುದಂಶದಲ್ಲಿಯೂ ಹೈಡ್ರಾಕ್ಸಿಲ್ ಅಯಾನನ್ನು ಹೋಲುವುದರಿಂದ, ಮೂಳೆ ಹಲ್ಲುಗಳ ಹರಳಿನಲ್ಲಿ ಅದನ್ನು ಹೊರದೂಡಿ ತಾನು ಕುಳಿತುಕೊಳ್ಳುತ್ತದೆ. ಅತಿ ಸ್ವಲ್ಪವಾದರೆ ಹಲ್ಲಿಗೆ ಗಟ್ಟಿತನ. ಟೂತ್‌ಪೇಸ್ಟಿನವರು ಹೇಳುವುದು ಸುಳ್ಳಲ್ಲ. ಮಿತಿಮೀರಿ ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲು, ಆಮೇಲೆ ಬೆನ್ನು, ಮಂಡಿ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ. ಬೇರೆ ಜಲಮೂಲವಿಲ್ಲದಿದ್ದರೆ 1.5ರವರೆಗೆ.

"ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದಾರೆ, ಭಯವೇನು?" ಎನ್ನುವವರನ್ನು ಕಂಡಿದ್ದೇನೆ. ಸ್ಥಾನಪಲ್ಲಟ ಕ್ರಿಯೆಯ ಪಾಠ ನೆನಪಿದೆಯೇ? ಕ್ಲೋರಿನ್ ಬ್ರೋಮೈಡನ್ನು ಪಲ್ಲಟಗೊಳಿಸುತ್ತದೆ, ಅಯೋಡೈಡನ್ನೂ ಪಲ್ಲಟಗೊಳಿಸುತ್ತದೆ. ಫ್ಲೋರೈಡಿನ ಮುಂದೆ ಅದರ ಆಟ ನಡೆಯದು. ಅದು ರೋಗಾಣುಗಳನ್ನು ಕೊಲ್ಲುತ್ತದೆ, ಅದು ಬೇಕೇ ಬೇಕು. ಆದರೆ ಫ್ಲೋರೈಡ್ ಇದ್ದಲ್ಲಿಯೇ ಇರುತ್ತದೆ. "ಕುದಿಸಿ ಕುಡಿಯುತ್ತೇವೆ" ಎನ್ನುವವರ ಪಾತ್ರೆಯಲ್ಲಿ ನೀರು ಆವಿಯಾದಷ್ಟೂ ಫ್ಲೋರೈಡಿನ ಸಾಂದ್ರತೆ ಹೆಚ್ಚುತ್ತದೆ. ಶುದ್ಧ ನೀರಿನ ಘಟಕದಿಂದ ಕ್ಯಾನ್ ತುಂಬಿ ತರುವವರು, ಅನ್ನ ಸಾರಿಗೆ ಮಾತ್ರ ಕೊಳವೆ ಬಾವಿಯ ನಲ್ಲಿ ನೀರನ್ನೇ ಸುರಿಯುತ್ತಾರೆ. ಅನ್ನ ಹೀರಿಕೊಂಡ ನೀರಿನೊಡನೆ ಫ್ಲೋರೈಡೂ ಹೊಟ್ಟೆ ಸೇರುತ್ತದೆಂದು ಅವರಿಗೆ ಹೇಳಿದವರಾರು?

ನನ್ನ ತಕರಾರು ಕತ್ತರಿ ಹಾಕಿದವರ ಮೇಲೆ ಮಾತ್ರವಲ್ಲ. ಪಾಠ ಇದ್ದಾಗಲೂ ಹ್ಯಾಲೈಡ್ ಪರೀಕ್ಷೆಯೆಂದರೆ ಸಿಲ್ವರ್ ನೈಟ್ರೇಟ್: ಕ್ಲೋರೈಡಿಗೆ ಬಿಳಿ ಒತ್ತರ, ಬ್ರೋಮೈಡಿಗೆ ಮಾಸಲು ಹಳದಿ, ಅಯೋಡೈಡಿಗೆ ಹಳದಿ. ಸಿಲ್ವರ್ ಫ್ಲೋರೈಡ್ ನೀರಿನಲ್ಲಿ ಕರಗುವುದರಿಂದ ಒತ್ತರವೇ ಬೀಳದು. ನಮ್ಮ ಜಿಲ್ಲೆಯ ಮಗುವನ್ನು ಕಾಡುವ ಒಂದೇ ಹ್ಯಾಲೈಡು ಪಠ್ಯದ ಪ್ರನಾಳದಲ್ಲಿ ಕಾಣಿಸಿಕೊಳ್ಳದೆ ಪಾರಾಗುತ್ತಿತ್ತು! ಜಿರ್ಕೋನಿಯಂ-ಅಲಿಜರಿನ್ ಬಣ್ಣದ ದ್ರಾವಣವಾದರೆ ಫ್ಲೋರೈಡ್ ಸೋಕಿದೊಡನೆ ಕೆಂಪು ಬಿಟ್ಟು ಹಳದಿಗೆ ತಿರುಗುತ್ತದೆ. ಪ್ರೌಢಶಾಲೆಯ ಪ್ರಯೋಗಶಾಲೆಗೆ ಮೀರಿದ ಪ್ರಯೋಗವೇನೂ ಅಲ್ಲ. ಪಾಠವನ್ನು ತಿದ್ದಬೇಕಾಗಿತ್ತು, ತೆಗೆದರು.

ಇನ್ನು ಹೊರೆಯ ಮಾತು. ನೀಟ್ ಪರೀಕ್ಷೆಯ ಪಠ್ಯಕ್ರಮದಲ್ಲಿ ಪಿ-ಬ್ಲಾಕ್ ಧಾತುಗಳು ಹದಿನೆಂಟನೆಯ ಗುಂಪಿನವರೆಗೂ ಉಳಿದುಕೊಂಡಿವೆ. ಹಣ ಕೊಟ್ಟು ಕೋಚಿಂಗಿಗೆ ಹೋಗುವ ಮಗುವಿಗೆ ಇದು ವಿದ್ಯೆ, ಕೊಳವೆ ಬಾವಿಯ ನೀರು ಕುಡಿದು ಸರ್ಕಾರಿ ಶಾಲೆಗೆ ಬರುವ ಮಗುವಿಗೆ ಮಾತ್ರ ಹೊರೆ. ಇದಾವ ನ್ಯಾಯ?

2022ರಲ್ಲಿ ವಾಣಿವಿಲಾಸ ಸಾಗರ 89 ವರ್ಷಗಳ ಮೇಲೆ ಕೋಡಿ ಬಿದ್ದಾಗ ನಾವೆಲ್ಲ ಮಾರಿಕಣಿವೆಗೆ ಬಾಗಿನದ ಸಂಭ್ರಮದಲ್ಲಿ ಹೋದೆವು. ಬಂಡೆಯೊಳಗೆ ನಿಲ್ಲದ ನದಿಯ ನೀರಿನಲ್ಲಿ ಸಾಮಾನ್ಯವಾಗಿ ಫ್ಲೋರೈಡ್ ಕಡಿಮೆ. ಅದು ಪ್ರತಿ ಹಳ್ಳಿಯ ನಲ್ಲಿಗೆ ಬರಲೆಂದೇ ನನ್ನ ಹಾರೈಕೆ. ಬರುವವರೆಗೆ? ಮೇಷ್ಟರಾಗಿರುವ ನನ್ನ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಪುಸ್ತಕದಲ್ಲಿ ಇಲ್ಲದಿದ್ದರೂ ಎರಡು ಪೀರಿಯಡ್ ಹ್ಯಾಲೊಜನ್‌ಗೆ ಕೊಡಿ. ಶಾಲೆಯ ಕೊಳವೆ ಬಾವಿಯ ನೀರನ್ನು ಜಿಲ್ಲಾ ಪ್ರಯೋಗಾಲಯಕ್ಕೆ ಕಳಿಸಿ, ಬಂದ ಅಂಕಿಯನ್ನು ಮಕ್ಕಳ ಕೈಯಿಂದಲೇ ಸೂಚನಾ ಫಲಕದ ಮೇಲೆ ಬರೆಸಿ. ಬೇಸಿಗೆಯಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ.