ಹೆಸರು ಅಳಿಸಿದರೆ ಸಾಕೆ?

"ಹೆಸರು ಅಳಿಸಿಯೇ ಹಾಕಿದ್ದೀನಿ ಬಿಡಿ, ಯಾರಿಗೆ ಗೊತ್ತಾಗುತ್ತೆ?" ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ವೈದ್ಯರ ಬಾಯಲ್ಲಿ ಈ ಮಾತು ಈಗ ಸಲೀಸಾಗಿ ಬರುತ್ತದೆ. ಅಪರೂಪದ ಗಾಯವೊಂದು ಕಣ್ಣಿಗೆ ಬಿದ್ದರೆ ಸಾಕು, ಕೋಟಿನ ಜೇಬಿನಿಂದ ಮೊಬೈಲ್ ಹೊರಬರುತ್ತದೆ. ಒಂದು ಫೋಟೊ, ಹೆಸರಿನ ಮೇಲೊಂದು ಕಪ್ಪು ಗೀಟು, ತಕ್ಷಣ ವಾಟ್ಸಾಪ್ ಗ್ರೂಪಿಗೆ ರವಾನೆ. ರೋಗಿಯನ್ನು ಕೇಳಿದರೇ? ಕೇಳುವ ಯೋಚನೆಯೇ ಬಂದಿರುವುದಿಲ್ಲ.

ಇಂಥ ಫೋಟೊ ಹೇಗಿರುತ್ತದೆ, ಹತ್ತಿರದಿಂದ ನೋಡಿ. ಎಕ್ಸ್‌ರೇಯಲ್ಲಿ ಹೆಸರು ಮುಚ್ಚಿದೆ. ಮೂಲೆಯಲ್ಲಿ ಆಸ್ಪತ್ರೆಯ ನೋಂದಣಿ ಸಂಖ್ಯೆ, ತಾರೀಖು ಹಾಗೇ ಇವೆ. ಕೆಳಗೆ ಒಕ್ಕಣೆ: '54 ವರ್ಷದ ಹೆಂಗಸು, ಗಾಂಧಿಬಜಾರಿನಲ್ಲಿ ಹೂವಿನ ವ್ಯಾಪಾರ, ಸಕ್ಕರೆ ಕಾಯಿಲೆ, ಕಾಲು ಕೊಳೆತಿದೆ.' ದಿನವೂ ಅಲ್ಲಿ ಹೂವು ಕೊಳ್ಳುವವರಿಗೆ ಇನ್ನೇನು ಹೇಳಬೇಕು? ಮೂರು ತಲೆಮಾರಿನಿಂದ ಒಬ್ಬರನ್ನೊಬ್ಬರು ಬಲ್ಲ ಬೀದಿಗಳಿವು. ಇಲ್ಲಿ ವಯಸ್ಸು, ಕಸುಬು, ಅಡ್ಡರಸ್ತೆ ಸೇರಿದರೆ ಅದೇ ಹೆಸರು. ಸಾಲದ್ದಕ್ಕೆ ಆ ಫೋಟೊ ಗ್ರೂಪಿನಲ್ಲಿದ್ದವರ ಗ್ಯಾಲರಿಯಲ್ಲಿ ತಾನಾಗಿ ಉಳಿದು, ಮಗುವಿನ ಹುಟ್ಟುಹಬ್ಬದ ಚಿತ್ರಗಳ ಪಕ್ಕದಲ್ಲೇ ಕೂತಿರುತ್ತದೆ. ಮನೆಮಂದಿಯ ಕೈಗೆ ಫೋನ್ ಸಿಕ್ಕರೆ ಗುಟ್ಟು ರಟ್ಟು.

ಕಾನೂನು ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ರೋಗಿಯ ಗುರುತು ಸಿಗುವಂಥ ಚಿತ್ರವನ್ನಾಗಲಿ ವಿವರವನ್ನಾಗಲಿ ಅನುಮತಿಯಿಲ್ಲದೆ ಪ್ರಕಟಿಸಬಾರದೆಂದು ವೈದ್ಯರ ನಡತೆಯ 2002ರ ನಿಯಮಾವಳಿಯೇ ಹೇಳಿದೆ. ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್ 2ರಂದು ಹೊರಡಿಸಿದ ಹೊಸ ನಿಯಮಗಳಲ್ಲಿ ಸಾಮಾಜಿಕ ಜಾಲತಾಣದ ಬಳಕೆಗೇ ಪ್ರತ್ಯೇಕ ಮಾರ್ಗಸೂಚಿಯಿತ್ತು: ರೋಗಿಯ ಸ್ಕ್ಯಾನ್ ಹಾಕಬೇಡಿ, ದುಡ್ಡು ಕೊಟ್ಟು ಲೈಕು, ಫಾಲೋವರುಗಳನ್ನು ಕೊಳ್ಳಬೇಡಿ ಎಂದು. ಅದೇ ತಿಂಗಳ 23ರಂದು ಆಯೋಗ ಆ ನಿಯಮಗಳನ್ನು ತಡೆಹಿಡಿಯಿತು. ಸದ್ಯ ಬಚಾವಾದೆವು ಎಂದು ಉಸಿರು ಬಿಟ್ಟವರು ಒಂದು ಮಾತು ತಿಳಿದುಕೊಳ್ಳಲಿ: 2002ರದ್ದು ಎಲ್ಲಿಗೂ ಹೋಗಿಲ್ಲ.

2024ರ ಫೆಬ್ರುವರಿಯಲ್ಲಿ ಚಿತ್ರದುರ್ಗ ಜಿಲ್ಲೆಯ ಭರಮಸಾಗರದ ಸರ್ಕಾರಿ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಮದುವೆ ಮುಂಚಿನ ಫೋಟೊಶೂಟ್ ಮಾಡಿಸಿಕೊಂಡ ಗುತ್ತಿಗೆ ವೈದ್ಯರೊಬ್ಬರು ಕೆಲಸ ಕಳೆದುಕೊಂಡರು. ಅದೇ ತಿಂಗಳು ಗದಗದ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ರೀಲ್ಸ್ ಮಾಡಿದ 38 ವಿದ್ಯಾರ್ಥಿಗಳ ಮೇಲೆ ಅಮಾನತಿನ ಕ್ರಮವಾಯಿತು. ಆ ಸುದ್ದಿ ಓದಿ "ಈಗಿನ ಹುಡುಗರು" ಎಂದು ಲೊಚಗುಟ್ಟಿದ ಹಿರಿಯರೇ, ನಿಮ್ಮ ಗ್ರೂಪಿನ ಫೋಟೊಗಳನ್ನು ಒಮ್ಮೆ ತಿರುವಿ ಹಾಕಿ. ಅವರು ಕುಣಿದದ್ದು ಕ್ಯಾಮೆರಾ ಮುಂದೆ. ನೀವು ಮಂದಿಗೆ ತೋರಿಸಿದ್ದು ಇನ್ನೊಬ್ಬರ ಮೈಯನ್ನು.

ವಾಟ್ಸಾಪೇ ಬೇಡವೆಂದು ಯಾರೂ ಹೇಳುತ್ತಿಲ್ಲ. ನಡುರಾತ್ರಿ ಬಂದ ಪಾರ್ಶ್ವವಾಯು ರೋಗಿಯ ಸ್ಕ್ಯಾನ್ ಹಿರಿಯ ನರರೋಗ ತಜ್ಞರ ಮೊಬೈಲಿಗೆ ಹೋಗಿ ಜೀವ ಉಳಿದರೆ ಅದಕ್ಕಿಂತ ಒಳ್ಳೆಯದೇನಿದೆ? 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿ ವಾಟ್ಸಾಪ್ ಸಮಾಲೋಚನೆಗೂ ಒಪ್ಪಿದೆ. ಆದರೆ ರೋಗಿ ಯಾರೆಂದು ಖಾತ್ರಿ ಮಾಡಿಕೊಳ್ಳಬೇಕು, ದಾಖಲೆ ಇಡಬೇಕು, ಮುಟ್ಟಿ ನೋಡಲೇಬೇಕಾದವರನ್ನು ಕರೆಸಿಕೊಳ್ಳಬೇಕು. "ಎರಡು ದಿನ ಈ ಮಾತ್ರೆ ತಗೊಳ್ಳಿ" ಎಂದು ಟೈಪ್ ಮಾಡಿ ಹೆಬ್ಬೆರಳಿನ ಗುರುತು ಒತ್ತಿದರೆ ಚಿಕಿತ್ಸೆಯಾಗುವುದಿಲ್ಲ.

ಇನ್ನು ಸಂಶೋಧನೆ. ಸ್ನಾತಕೋತ್ತರ ಪ್ರಬಂಧದ ಗಡುವು ಹತ್ತಿರವಾಯಿತೆಂದರೆ ಗೂಗಲ್ ಫಾರಂ ಹುಟ್ಟುತ್ತದೆ. ಸೋದರತ್ತೆಯ ಅಪಾರ್ಟ್‌ಮೆಂಟ್ ಗ್ರೂಪು, ಸ್ಯಾಂಕಿ ಕೆರೆಯ ವಾಕಿಂಗ್ ಬಳಗ, ಹಳೆಯ ಸಹಪಾಠಿಗಳ ಕೂಟ ಎಲ್ಲ ಕಡೆ ಸುತ್ತುತ್ತದೆ. "ದಯವಿಟ್ಟು ತುಂಬಿ, ಎರಡೇ ನಿಮಿಷ" ಎಂಬ ಒತ್ತಾಯಕ್ಕೆ ತುಂಬುವವರು ಯಾರು? ಸ್ಮಾರ್ಟ್‌ಫೋನ್, ಇಂಗ್ಲಿಷು, ಬಿಡುವು ಮೂರೂ ಇದ್ದವರು. ಕೆ.ಆರ್. ಮಾರುಕಟ್ಟೆಯ ಹಮಾಲಿ ಅದರಲ್ಲಿಲ್ಲ. ಪಕ್ಕದಲ್ಲೇ 1900ರಿಂದ ಬಡವರಿಗೆ ಬಾಗಿಲು ತೆರೆದಿಟ್ಟಿರುವ ವಿಕ್ಟೋರಿಯಾ ಆಸ್ಪತ್ರೆಯ ಚೀಟಿ ಸಾಲಿನಲ್ಲಿ ನಿಂತ ಹೆಂಗಸೂ ಇಲ್ಲ. ಆದರೂ ಪ್ರಬಂಧದ ಶೀರ್ಷಿಕೆಯಲ್ಲಿ 'ಬೆಂಗಳೂರಿನ ನಾಗರಿಕರು' ಎಂದು ರಾಜಾರೋಷವಾಗಿ ಅಚ್ಚಾಗುತ್ತದೆ. ಅರ್ಧ ಊರನ್ನು ಕೇಳದೆ ಇಡೀ ಊರಿನ ಮಾತು ಬರೆಯುವುದು ಸೋಮಾರಿತನ. ಅದಕ್ಕೆ ಸಹಿ ಹಾಕುವ ಮಾರ್ಗದರ್ಶಕರದ್ದು ಬೇಜವಾಬ್ದಾರಿ. ಮನುಷ್ಯರ ಮೇಲಿನ ಸಂಶೋಧನೆಗೆ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಭಾಗವಹಿಸುವವರಿಗೆ ತಿಳಿಸಿ ಸಮ್ಮತಿ ಪಡೆಯಬೇಕು ಎಂಬ ಐಸಿಎಂಆರ್‌ನ 2017ರ ಮಾರ್ಗಸೂಚಿ ಫಾರಂಗಳಿಗೂ ಅನ್ವಯಿಸುತ್ತದೆ.

ತಪ್ಪು ಬಿಳಿ ಕೋಟಿನವರದ್ದು ಮಾತ್ರವೇ? 2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನಕ್ಕೆ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಆಗ ಲಸಿಕೆಯ ವಿರುದ್ಧದ ಪುಕಾರುಗಳನ್ನು ಮೊಬೈಲಿನಿಂದ ಮೊಬೈಲಿಗೆ ದಾಟಿಸಿದವರು ನಾವೇ, ಓದಿದ ಜನ. ಇಂದಿಗೂ ಕ್ಯಾನ್ಸರಿಗೆ ಕಷಾಯವೆಂಬ ಸಂದೇಶವನ್ನು 'ಬಂದದ್ದನ್ನು ಹಾಕಿದೆ' ಎಂದು ಕೈ ತೊಳೆದುಕೊಂಡು ಮುಂದೂಡುತ್ತೇವೆ. ಅದನ್ನು ನಂಬಿ ಆಸ್ಪತ್ರೆ ಬಿಟ್ಟವರಿಗೆ ಉತ್ತರ ಹೇಳುವವರು ಯಾರು?

ವೈದ್ಯರೇ, ಫೋಟೊ ತೆಗೆಯುವ ಮುನ್ನ ರೋಗಿಯನ್ನು ಕೇಳಿ, ಅವರ ಭಾಷೆಯಲ್ಲೇ ಕೇಳಿ; ಬೇಡವೆಂದರೆ ಫೋನು ಜೇಬಿಗಿಡಿ. ಸಂಶೋಧಕರೇ, ಫಾರಂ ಬಿಟ್ಟು ಬೀದಿಗಿಳಿಯಿರಿ. ಓದುಗರೇ, ನಿಮ್ಮ ಅನುಮತಿಯಿಲ್ಲದೆ ನಿಮ್ಮ ಮೈಯ ಚಿತ್ರ ತೆಗೆದರೆ ಅಲ್ಲೇ ಪ್ರಶ್ನಿಸಿ. ರೋಗಿ ಡಾಕ್ಟರ ಮುಂದೆ ಬಟ್ಟೆ ಸರಿಸುವುದು ಗುಣವಾಗಲೆಂದು, ಗ್ರೂಪಿಗೆ ಸರಕಾಗಲೆಂದಲ್ಲ.