ಹೆಪ್ಪುಗಟ್ಟಬೇಕು, ಹೆಪ್ಪುಗಟ್ಟಬಾರದು!

ಬೆರಳಿಗೆ ಬ್ಲೇಡು ತಾಗಿದರೆ ರಕ್ತ ಕೆಲವು ನಿಮಿಷಗಳಲ್ಲಿ ಹೆಪ್ಪುಗಟ್ಟಿ ತಾನಾಗಿಯೇ ನಿಲ್ಲುತ್ತದೆ. ಈ ಗುಣವಿಲ್ಲದಿದ್ದರೆ ಸಣ್ಣ ಗಾಯವೂ ಜೀವಕ್ಕೆ ಎರವಾಗುತ್ತಿತ್ತು. ಆದರೆ ಕಾಲಿನ ಆಂಜಿಯೋಪ್ಲಾಸ್ಟಿ ಆದವರಿಗೆ ಇದೇ ಗುಣ ಒಂದು ಕಡೆ ಮಿತ್ರ, ಇನ್ನೊಂದು ಕಡೆ ಶತ್ರು!

ಆಂಜಿಯೋಪ್ಲಾಸ್ಟಿ ಎಂದರೆ ಹೃದಯದ ಚಿಕಿತ್ಸೆ ಎಂದೇ ಹಲವರು ತಿಳಿದಿದ್ದಾರೆ. ನಿಜಕ್ಕೂ ಅದು ಹುಟ್ಟಿದ್ದು ಕಾಲಿಗಾಗಿ. 1964ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದಲ್ಲಿ ಡಾ. ಚಾರ್ಲ್ಸ್ ಡಾಟರ್ ಇದನ್ನು ಮೊದಲು ಮಾಡಿದರು. ರೋಗಿ 82 ವರ್ಷದ ವೃದ್ಧೆ. ರಕ್ತ ಸಾಲದೆ ಪಾದ ಕೊಳೆಯತೊಡಗಿತ್ತು. ಕಾಲು ಕತ್ತರಿಸಲು ಆಕೆ ಒಪ್ಪಲಿಲ್ಲ. ಡಾಟರ್ ತೊಡೆಯ ಅಪಧಮನಿಯೊಳಗೆ ನಳಿಕೆ ತೂರಿಸಿ, ಕಿರಿದಾಗಿದ್ದ ದಾರಿಯನ್ನು ಹಿಗ್ಗಿಸಿದರು. ಪಾದ ಬೆಚ್ಚಗಾಯಿತು. ಮುಂದೆ ಸುಮಾರು ಎರಡೂವರೆ ವರ್ಷ, ಸಾಯುವವರೆಗೂ, ಆಕೆ ತನ್ನ ಕಾಲಿನಲ್ಲೇ ನಡೆದಾಡಿದರು. 1974ರಲ್ಲಿ ಜ್ಯೂರಿಕ್‌ನ ಡಾ. ಆಂಡ್ರಿಯಾಸ್ ಗ್ರುಂಟ್‌ಸಿಗ್ ಈ ಕೆಲಸಕ್ಕೆ ಪುಟ್ಟ ಬಲೂನು ಬಳಸಿದರು.

ಬಲೂನು ಉಬ್ಬಿದಾಗ ನಾಳದ ಒಳಗೋಡೆ ಬಿರಿಯುತ್ತದೆ. ಇದು ಚಿಕಿತ್ಸೆ ಎಂದು ದೇಹಕ್ಕೇನು ಗೊತ್ತು? ಗಾಯವೆಂದೇ ತಿಳಿದು ಪ್ಲೇಟ್‌ಲೆಟ್ ಕಣಗಳು ಅಲ್ಲಿ ಗುಂಪುಗೂಡುತ್ತವೆ. ಹೆಪ್ಪು ಬೆಳೆದರೆ ಬಿಡಿಸಿದ ದಾರಿಯೇ ಮತ್ತೆ ಮುಚ್ಚೀತು! ಅದಕ್ಕೇ ಆಸ್ಪಿರಿನ್‌ನಂಥ ಮಾತ್ರೆ. ಆದರೆ ನಳಿಕೆ ತೂರಿಸಿದ ತೊಡೆಸಂದಿನ ರಂಧ್ರ ಮುಚ್ಚಲು ಹೆಪ್ಪು ಬೇಕೇ ಬೇಕು. ಆದ್ದರಿಂದಲೇ ಅಲ್ಲಿ ಒತ್ತಿ ಹಿಡಿಯುವುದು, ಕೆಲವು ಗಂಟೆ ಕಾಲು ಮಡಚದೆ ಮಲಗಿಸುವುದು.

ಹಾಗಾಗಿ ಮನೆಗೆ ಬಂದ ಮೇಲೂ ಎರಡು ಜಾಗಗಳ ಮೇಲೆ ಕಣ್ಣಿರಬೇಕು. ತೊಡೆಸಂದಿನಲ್ಲಿ ರಕ್ತ ಸೋರಿದರೆ ಅಥವಾ ಊತ ಬೇಗನೆ ಬೆಳೆದರೆ ರೋಗಿಯನ್ನು ಮಲಗಿಸಿ, ಶುಭ್ರ ಬಟ್ಟೆಯಿಂದ ಬಲವಾಗಿ ಒತ್ತಿ ಹಿಡಿದು, 108ಕ್ಕೆ ಫೋನ್ ಮಾಡಿಸಿ. ನಾಡಿಯಂತೆ ಮಿಡಿಯುವ ಗಂಟು ಕಂಡರೆ ನೋವಿಲ್ಲದಿದ್ದರೂ ಅಂದೇ ವೈದ್ಯರಿಗೆ ತೋರಿಸಿ. ಅಂಥ ಗಂಟಿನೊಳಗೆ ವೈದ್ಯರು ಥ್ರಾಂಬಿನ್ ಚುಚ್ಚಿ, ಬೇಕೆಂದೇ ಹೆಪ್ಪುಗಟ್ಟಿಸುವುದೂ ಉಂಟು!

ಎರಡನೆಯದು ಪಾದ. ಅದು ಹಠಾತ್ತನೆ ತಣ್ಣಗಾಗಿ ಬಿಳಚಿಕೊಂಡರೆ, ತೀವ್ರ ನೋವು ಅಥವಾ ಜೋಮು ಬಂದರೆ, ಬೆರಳು ಆಡಿಸಲಾಗದಿದ್ದರೆ ರಕ್ತ ನಿಂತಿರಬಹುದು. ಬಿಸಿನೀರಿನ ಶಾಖ, ಎಣ್ಣೆ ತಿಕ್ಕುವುದು ಬೇಡ. ಬೆಳಗಾಗಲಿ ಎಂದು ಕಾಯುವುದಂತೂ ಬೇಡವೇ ಬೇಡ. ರಕ್ತವಿಲ್ಲದ ಸ್ನಾಯು ಕೆಲವೇ ಗಂಟೆಗಳಲ್ಲಿ ಸಾಯತೊಡಗುತ್ತದೆ. ಬೇಗ ಹೋದರೆ ಹೆಪ್ಪನ್ನು ಕರಗಿಸಿಯೋ ಹೊರತೆಗೆದೋ ಕಾಲನ್ನು ಉಳಿಸಲು ಸಾಧ್ಯವಿದೆ.

ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು. ಬೀಡಿ, ಸಿಗರೇಟು ಪೂರ್ತಿ ನಿಲ್ಲಬೇಕು. ತಿಂಗಳುಗಳ ನಂತರ ನಡೆಯುವಾಗ ಮೀನಖಂಡದ ನೋವು ಮರುಕಳಿಸಿದರೆ ನಾಳ ಮತ್ತೆ ಕಿರಿದಾಗುತ್ತಿರಬಹುದು.

ಮಕ್ಕಳೇ, ಅಜ್ಜನಿಗೆ ಈ ಚಿಕಿತ್ಸೆ ಆಗಿದ್ದರೆ ಬೆಳಿಗ್ಗೆ, ಸಂಜೆ ಅಂಗೈ ಹಿಂಭಾಗದಿಂದ ಎರಡೂ ಪಾದ ಮುಟ್ಟಿ ಹೋಲಿಸಿ. ಒಂದು ಪಾದ ಹೊಸದಾಗಿ ತಣ್ಣಗಾಗಿದ್ದರೆ ತಕ್ಷಣ ಹಿರಿಯರಿಗೆ ತಿಳಿಸಿ.